ಅಜ್ಜಿಯ ಟ್ರಂಕಿನಲ್ಲಿದ್ದ ಅರ್ಧ ನೋಟು

ಕಳೆದ ವರ್ಷ ಒಂದು ರಾತ್ರಿ ನಮ್ಮ ಹಾಸ್ಟೆಲಿನಲ್ಲಿ ಭಾರೀ ಗುಲ್ಲು. ನನ್ನ ರೂಮ್‌ಮೇಟ್‌ನ ಮಾವ ಅಮೆರಿಕದಿಂದ ಬಂದವರು ಅವನಿಗೆ 1776ನೇ ಇಸವಿಯ ಒಂದು ಡಾಲರ್ ನೋಟು ಕೊಟ್ಟು ಹೋಗಿದ್ದರು. ಕಂದು ಬಣ್ಣದ, ಸುಕ್ಕುಗಟ್ಟಿದ, ಬೆರಳಲ್ಲಿ ಹಿಡಿದರೆ ಹಪ್ಪಳದಂತೆ ಸದ್ದು ಮಾಡುವ ಕಾಗದ. 'ಇದರ ರೇಟು ಈಗ ಎಷ್ಟು ಲಕ್ಷ ಇರಬಹುದು?' ಎಂದು ಆರು ಜನ ಆರು ಮೊಬೈಲಿನಲ್ಲಿ ಹುಡುಕತೊಡಗಿದೆವು. ಒಬ್ಬ ಆಗಲೇ ಬೈಕಿನ ಮಾಡೆಲ್ ಆರಿಸುತ್ತಿದ್ದ.

ಹತ್ತೇ ನಿಮಿಷದಲ್ಲಿ ಬೈಕು ಹೋಯಿತು. ಹುಡುಕಿದಾಗ ಸಿಕ್ಕಿದ ಚಿತ್ರಗಳಲ್ಲಿ ಬೇರೆ ಬೇರೆಯವರ ಕೈಯಲ್ಲಿದ್ದ 'ಅದೇ' ನೋಟಿನ ಮೇಲೆ ಅದೇ ನಂಬರು, ಅದೇ ಸಹಿ, ಅದೇ ಜಾಗದಲ್ಲಿ ಅದೇ ಸುಕ್ಕು! ಅಲ್ಲಿನ ಪ್ರವಾಸಿ ತಾಣಗಳಲ್ಲಿ ಕೀ ಚೈನಿನ ಪಕ್ಕದಲ್ಲಿ ಮಾರುವ ಸ್ಮರಣಿಕೆ ಅದು. ನಿಜವಾದ ನೋಟುಗಳಿಗೆ ಆ ಕಾಲದಲ್ಲಿ ನಂಬರನ್ನೂ ಸಹಿಯನ್ನೂ ಕೈಯಲ್ಲೇ, ಶಾಯಿಯಲ್ಲೇ ಬರೆಯುತ್ತಿದ್ದರು. ಹಾಗಾಗಿ ಎರಡು ನೋಟು ಪೂರ್ತಿ ಒಂದೇ ಥರ ಇರಲು ಸಾಧ್ಯವೇ ಇಲ್ಲ.

ಎಲ್ಲರೂ ನಕ್ಕು ಮಲಗಿದರು. ನಾನು ಮಾತ್ರ ಬೆಳಗಿನ ಮೂರರವರೆಗೆ ಓದುತ್ತಾ ಕೂತೆ. 1690ರಲ್ಲಿ ಮ್ಯಾಸಚೂಸೆಟ್ಸ್ ಎಂಬ ಇಂಗ್ಲಿಷ್ ವಸಾಹತು ಕ್ವಿಬೆಕ್ ಮೇಲೆ ದಂಡೆತ್ತಿ ಹೋಗಿ ಸೋತು ಬಂದಾಗ ಸೈನಿಕರಿಗೆ ಸಂಬಳ ಕೊಡಲು ದುಡ್ಡಿಲ್ಲದೆ ಕಾಗದದ ಹಣ ಹೊರಡಿಸಿತಂತೆ. ಆಮೇಲೆ ಒಂದೊಂದು ವಸಾಹತೂ ತನ್ನದೇ ನೋಟು ಹಾಕಿತು. ನೋಟು ಬಂದಲ್ಲಿ ಖೋಟಾ ನೋಟೂ ಬರುತ್ತದೆ. ಅದಕ್ಕೆ ಬೆಂಜಮಿನ್ ಫ್ರಾಂಕ್ಲಿನ್ ಕಂಡುಹಿಡಿದ ಉಪಾಯ ನೋಡಿ: ಮರದ ನಿಜವಾದ ಎಲೆಯನ್ನು ಪ್ಲಾಸ್ಟರಿನಲ್ಲಿ ಒತ್ತಿ, ಆ ಅಚ್ಚಿನಿಂದ ಸೀಸದ ಎರಕ ತೆಗೆದು, ನೋಟಿನ ಹಿಂಬದಿಯಲ್ಲಿ ಮುದ್ರಿಸುವುದು. ಎಲೆಯ ನರಗಳನ್ನು ಕೈಯಲ್ಲಿ ಕೆತ್ತಿ ನಕಲು ಮಾಡಲು ಯಾವ ಕಸುಬುದಾರನಿಂದಲೂ ಆಗುವುದಿಲ್ಲ. ಕೆಲವು ನೋಟುಗಳ ಕಾಗದದಲ್ಲಿ ಕಾಗೆಬಂಗಾರದ, ಅಂದರೆ ಮೈಕಾದ ಚೂರುಗಳನ್ನೂ ಬೆರೆಸುತ್ತಿದ್ದರು. ಅಷ್ಟೂ ಸಾಲದೆಂದು 'ನಕಲು ಮಾಡಿದರೆ ಮರಣ' ಎಂದು ನೋಟಿನ ಮೇಲೇ ಅಚ್ಚು ಹಾಕಿದರು. ನಮ್ಮ ಲ್ಯಾಬ್ ರೆಕಾರ್ಡ್ ಪುಸ್ತಕದ ಮೇಲೆ ಹೀಗೆ ಬರೆದಿದ್ದರೆ ಇಡೀ ಕ್ಲಾಸು ಖಾಲಿಯಾಗುತ್ತಿತ್ತು.

ಇಷ್ಟೆಲ್ಲಾ ಬುದ್ಧಿ ಖರ್ಚು ಮಾಡಿದ ಹಣದ ಗತಿ ಏನಾಯಿತು? ಇಂಗ್ಲೆಂಡಿನ ವಿರುದ್ಧದ ಯುದ್ಧಕ್ಕೆಂದು 1775ರಿಂದ ಅಲ್ಲಿನ ಕಾಂಗ್ರೆಸ್ ಮುದ್ರಿಸಿದ ಡಾಲರ್ ನೋಟುಗಳು ಕೆಲವೇ ವರ್ಷಗಳಲ್ಲಿ ಬೆಲೆ ಕಳೆದುಕೊಂಡವು. ಕೊನೆಗೆ ಸರಕಾರ ಅವನ್ನು ನೂರಕ್ಕೆ ಒಂದರ ಲೆಕ್ಕದಲ್ಲಿ ಬಾಂಡ್‌ಗೆ ಬದಲಾಯಿಸಿಕೊಂಡಿತು. ಇವತ್ತು ಅದೇ ನೋಟುಗಳನ್ನು ಸಂಗ್ರಹಿಸುವವರು ಅಮೆರಿಕದಲ್ಲಿ ಸಾಲುಗಟ್ಟಿ ನಿಂತಿದ್ದಾರೆ.

ಅಮೆರಿಕದ ನೋಟು ಕೊಳ್ಳುವುದು ಮೆಸ್‌ ಬಿಲ್ಲಿಗೇ ಒದ್ದಾಡುವ ನನ್ನಂಥವನ ಮಾತಲ್ಲ. ಆದರೆ ಮೂರು ಗಂಟೆಯ ಹೊತ್ತಿಗೆ ತಲೆಗೆ ಹೊಕ್ಕಿದ್ದು ಬೇರೆಯೇ ಪ್ರಶ್ನೆ. ನಾವೂ ಇಂಗ್ಲಿಷರ ಕೈಕೆಳಗೆ ಇದ್ದವರೇ ಅಲ್ಲವೇ? ನಮ್ಮೂರಿನಲ್ಲಿ ಆಗ ಓಡುತ್ತಿದ್ದ ನೋಟು ಹೇಗಿತ್ತು?

ಉಡುಪಿ ಎಂದರೆ ಬ್ಯಾಂಕುಗಳ ತವರು ಎಂದು ಶಾಲೆಯಲ್ಲಿ ಉರು ಹೊಡೆದಿದ್ದೇವೆ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇಲ್ಲಿ ಕಟ್ಟಿದ್ದು ಕಾರ್ಪೊರೇಷನ್ ಬ್ಯಾಂಕ್. 1925ರಲ್ಲಿ ಇಲ್ಲೇ ಹುಟ್ಟಿದ್ದು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅದರ ಪಿಗ್ಮಿ ಠೇವಣಿ 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರುವಾಯಿತು. 2020ರ ಏಪ್ರಿಲ್ 1ರಂದು ಎರಡೂ ಹೆಸರು ಒಂದೇ ದಿನ ಅಳಿಸಿಹೋದವು. ಒಂದು ಯೂನಿಯನ್ ಬ್ಯಾಂಕ್‌ನಲ್ಲಿ, ಇನ್ನೊಂದು ಕೆನರಾ ಬ್ಯಾಂಕ್‌ನಲ್ಲಿ ವಿಲೀನ. ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ನಾಣ್ಯಗಳ ಸಂಗ್ರಹಾಲಯ ಉಂಟು. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಕರೆದುಕೊಂಡು ಹೋಗಿದ್ದರು. ಆಗ ನಾನು ನೋಡಿದ್ದಕ್ಕಿಂತ ಹೊರಗೆ ಗೋಳಿಬಜೆ ತಿಂದದ್ದೇ ಜಾಸ್ತಿ ನೆನಪು. ಈಗ ಹೊಟ್ಟೆ ಉರಿಯುತ್ತದೆ.

ಬ್ರಿಟಿಷ್ ಇಂಡಿಯಾದ ಸರಕಾರ ನೋಟು ಹೊರಡಿಸುವ ಹಕ್ಕನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡದ್ದು 1861ರ ಪೇಪರ್ ಕರೆನ್ಸಿ ಕಾಯಿದೆಯಿಂದ. ಅದಕ್ಕೆ ಮೊದಲು ಬ್ಯಾಂಕ್ ಆಫ್ ಬೆಂಗಾಲ್, ಬಾಂಬೆ, ಮದ್ರಾಸ್ ಎಂಬ ಮೂರು ಬ್ಯಾಂಕುಗಳ ನೋಟುಗಳಿದ್ದವು. ಸರಕಾರದ ಮೊದಲ ನೋಟಿನಲ್ಲಿ ವಿಕ್ಟೋರಿಯಾ ರಾಣಿಯ ಚಿತ್ರವಿತ್ತು. ಖೋಟಾ ನೋಟಿನ ಕಾಟ ತಾಳಲಾರದೆ ಅದನ್ನು ತೆಗೆದು, ಒಂದೇ ಮಗ್ಗುಲಲ್ಲಿ ಮುದ್ರಿಸಿದ, ಹಿಂಬದಿ ಪೂರ್ತಿ ಖಾಲಿ ಇರುವ ನೋಟು ತಂದರು. ಕೈಯಲ್ಲಿ ತಯಾರಿಸಿದ ಕಾಗದ, ಒಳಗೆ ವಾಟರ್‌ಮಾರ್ಕ್, ಮೇಲೆ ಬಣ್ಣದಲ್ಲಿ ನಮ್ಮ ಭಾಷೆಗಳ ಸಾಲು. ಹಸಿರು ಬಣ್ಣದ ಸರಣಿಯಲ್ಲಿ ನಾಲ್ಕು ಭಾಷೆಗಳು, ಆಮೇಲೆ ಬಂದ ಕೆಂಪು ಸರಣಿಯಲ್ಲಿ ಎಂಟು.

ಯಾವ ನಾಲ್ಕು ಭಾಷೆ ಎಂಬುದು ನೋಟು ಎಲ್ಲಿ ಹೊರಟಿತು ಎಂಬುದರ ಮೇಲೆ ಹೋಗುತ್ತಿತ್ತು. ಏಕೆಂದರೆ ದೇಶವನ್ನು ಸರ್ಕಲ್‌ಗಳಾಗಿ ಹಂಚಿದ್ದರು. ಒಂದು ಸರ್ಕಲ್‌ನ ನೋಟು ಆ ಸರ್ಕಲ್‌ನಲ್ಲಿ ಮಾತ್ರ ಕಾನೂನುಬದ್ಧ ಹಣ. ನಮ್ಮ ಕಡೆಗೆ ಇದನ್ನು ಅನ್ವಯಿಸಿ ನೋಡಿದಾಗ ನನಗೆ ನಗು ಬಂತು. 1862ರಲ್ಲಿ ಕೆನರಾ ಜಿಲ್ಲೆ ಒಡೆದು ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಅಂದರೆ ಶಿರೂರಿನವರಿಗೂ ಭಟ್ಕಳದವರಿಗೂ ಬೇರೆ ಬೇರೆ ನೋಟು! ಮದುವೆ ಸಂಬಂಧ, ಮೀನು, ಅಕ್ಕಿ ಎಲ್ಲಾ ಗಡಿ ದಾಟಬಹುದು, ನೋಟು ಮಾತ್ರ ದಾಟಿದರೆ ಕಾಗದ. ಐದು ರೂಪಾಯಿ ನೋಟನ್ನು ಬರ್ಮಾ ಬಿಟ್ಟು ಎಲ್ಲಾ ಕಡೆ ಸ್ವೀಕರಿಸಬೇಕು ಎಂದದ್ದು 1903ರಲ್ಲಿ. ಹತ್ತು, ಐವತ್ತರ ಸರದಿ 1910ರಲ್ಲಿ, ನೂರರದ್ದು 1911ರಲ್ಲಿ ಬಂತು.

ಇದನ್ನೆಲ್ಲಾ ಓದುತ್ತಿದ್ದಾಗ ಒಂದು ವಿಷಯದ ಹತ್ತಿರ ನಿಂತುಬಿಟ್ಟೆ. ಆಗ ಅಂಚೆಯಲ್ಲಿ ನೋಟು ಕಳಿಸುವವರು ಕಳ್ಳತನಕ್ಕೆ ಹೆದರಿ ನೋಟನ್ನು ಕತ್ತರಿಯಿಂದ ಎರಡು ತುಂಡು ಮಾಡುತ್ತಿದ್ದರು. ಮೊದಲು ಒಂದು ತುಂಡು ಅಂಚೆಗೆ. ಅದು ತಲುಪಿತು ಎಂದು ಉತ್ತರ ಬಂದ ಮೇಲೆ ಎರಡನೇ ತುಂಡು. ನಂಬರು ಎರಡೂ ಬದಿಯಲ್ಲಿ ಇರುತ್ತಿದ್ದುದರಿಂದ ತುಂಡುಗಳನ್ನು ಹೊಂದಿಸಿ ನೋಡಬಹುದಿತ್ತು. ಈಗ ನಾವು ಹಣ ಕಳಿಸುವಾಗ ಒಟಿಪಿ ಬರುತ್ತದಲ್ಲ, ಆಗಿನ ಒಟಿಪಿ ಕತ್ತರಿಯಲ್ಲಿತ್ತು.

ನನಗೆ ಅಜ್ಜಿ ನೆನಪಾದರು. ಕಾಪುವಿನ ಕಡಲ ಬದಿಯ ನಮ್ಮ ಮನೆಯಲ್ಲಿ, ಅಜ್ಜಿಯ ಕಬ್ಬಿಣದ ಟ್ರಂಕಿನ ಅಡಿಯಲ್ಲಿ, ನುಸಿಗುಳಿಗೆಯ ವಾಸನೆಯ ಒಂದು ಲಕೋಟೆ. ಚಿಕ್ಕವನಿದ್ದಾಗ ಅದರೊಳಗಿನ ಅರ್ಧ ಕಾಗದವನ್ನು ಎಳೆದು ಆಡಲು ಹೋಗಿ ಬೆನ್ನಿಗೆ ಸರಿಯಾಗಿ ಬಿದ್ದದ್ದು ಉಂಟು. 'ಅದು ಅರ್ಧ ನೋಟು, ಮುಟ್ಟಬೇಡ' ಎಂದಿದ್ದರು. ಹರಿದುಹೋದ ನೋಟು ಎಂದೇ ಇಷ್ಟು ವರ್ಷ ತಿಳಿದಿದ್ದೆ. ಹರಿದ ನೋಟಿನ ಅಂಚು ಅಷ್ಟು ನೇರವಾಗಿ ಇರುವುದಿಲ್ಲ ಎಂದು ಹೊಳೆದದ್ದು ಆ ರಾತ್ರಿ.

ಶನಿವಾರ ಕ್ಲಾಸು ಮುಗಿದ ಕೂಡಲೇ ಮಣಿಪಾಲದಿಂದ ಬಸ್ಸು ಹತ್ತಿದೆ.

ಅಜ್ಜಿ ಕಥೆ ಹೇಳಿದ್ದು ಬಂಗುಡೆ ಕೊಯ್ಯುತ್ತಾ. ಅದು ಅವರ ಅಜ್ಜನ ನೋಟು. ಕೆಲಸಕ್ಕೆಂದು ಬೊಂಬಾಯಿಗೆ ಹೋಗಿದ್ದವರು. ನಮ್ಮ ಕರಾವಳಿಯವರು ಬೊಂಬಾಯಿಗೆ ಹೋಗುವುದು ಹೋಟೆಲುಗಳ ಕಾಲಕ್ಕಿಂತ ಬಹಳ ಹಿಂದಿನ ಸಂಗತಿ. ಅಲ್ಲಿನ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದೇ 1902ರಲ್ಲಿ. ಈ ಅಜ್ಜ ಕೋಟೆ ಪ್ರದೇಶದಲ್ಲಿ ಒಬ್ಬ ವ್ಯಾಪಾರಿಯ ಗೋದಾಮಿನಲ್ಲಿದ್ದರಂತೆ. ಮನಿ ಆರ್ಡರಿಗೆ ಕಮಿಷನ್ ಕೊಡಬೇಕೆಂದು, ಶೇಠ್‌ ಮಾಡುತ್ತಿದ್ದ ಹಾಗೆ ತಾವೂ ಹತ್ತು ರೂಪಾಯಿಯ ನೋಟು ಕತ್ತರಿಸಿ ಅರ್ಧವನ್ನು ಕಾಪುವಿಗೆ ಕಳಿಸಿದರು. 'ಸಿಕ್ಕಿತು ಅಂತ ಮಾಸ್ತರರ ಹತ್ತಿರ ಬರೆಸಿ ಹಾಕು, ಉಳಿದದ್ದು ಕಳಿಸುತ್ತೇನೆ' ಎಂದು ಜೊತೆಗೊಂದು ಚೀಟಿ.

ಹೆಂಡತಿಗೆ, ಅಂದರೆ ಅಜ್ಜಿಯ ಅಜ್ಜಿಗೆ, ಓದು ಬರಹ ಇಲ್ಲ. ಊರಿನಲ್ಲಿ ಕಾಗದ ಬರೆದುಕೊಡುತ್ತಿದ್ದ ಮಾಸ್ತರರು ನವರಾತ್ರಿಗೆಂದು ಹೆಂಡತಿ ಮನೆಗೆ ಹೋಗಿದ್ದರು. ಬೇರೆಯವರ ಹತ್ತಿರ ಬರೆಸೋಣವೆಂದರೆ ಹಣದ ವಿಷಯ, ನಾಲ್ಕು ಜನರಿಗೆ ಗೊತ್ತಾಗುತ್ತದೆ. ಹತ್ತು ದಿನ ಕಾದರು. ಮಾಸ್ತರರು ಬಂದು ಉತ್ತರ ಬರೆದರು. ಆ ಉತ್ತರಕ್ಕೆ ಉತ್ತರ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಹಡಗಿನಲ್ಲಿ ಊರಿಗೆ ಬಂದ ಯಾರೋ ಸುದ್ದಿ ತಂದರು: ಜ್ವರ ಬಂದು ಮೂರು ದಿನದಲ್ಲಿ ಹೋಗಿಬಿಟ್ಟರು, ಮಹಾಲಯ ಅಮಾವಾಸ್ಯೆಯ ದಿನ.

ಅಜ್ಜಿಯ ಅಜ್ಜಿ 1972ರವರೆಗೆ ಬದುಕಿದ್ದರು. ಮಕ್ಕಳನ್ನು ಸಾಕಲು ಮೀನು ಮಾರಿದರು, ಅಕ್ಕಿ ಕುಟ್ಟಿದರು. ನನ್ನ ಅಜ್ಜಿ ಅವರ ಮಡಿಲಲ್ಲಿ ಬೆಳೆದವರು. 'ಕೊನೆಯವರೆಗೂ ಒಂದೇ ಮಾತು ಹೇಳುತ್ತಿದ್ದರು. ನಾನು ಕೂಡಲೇ ಉತ್ತರ ಬರೆಸಿದ್ದರೆ ಅವರಿಗೆ ನಾವು ಇದ್ದೇವೆ ಅಂತ ಧೈರ್ಯ ಬರುತ್ತಿತ್ತು, ಉಳಿದ ಅರ್ಧವೂ ಬರುತ್ತಿತ್ತು, ಮಕ್ಕಳು ಆ ವರ್ಷ ಗಂಜಿ ತಿಳಿ ಕುಡಿಯಬೇಕಾಗಿರಲಿಲ್ಲ ಅಂತ' ಎಂದರು ಅಜ್ಜಿ. ಅಷ್ಟು ಹೇಳಿ, ಬೆಕ್ಕನ್ನು ಓಡಿಸಲು ಎದ್ದು ಹೋದರು.

ಆ ದಿನ ಲಕೋಟೆಯನ್ನು ಮುಟ್ಟಲು ಅನುಮತಿ ಸಿಕ್ಕಿತು. ಒಳಗೆ ನೋಟಿನ ಎಡ ಅರ್ಧ. ಮಾಸಿದ ಬಿಳಿ ಕಾಗದ, ತಿಳಿ ಕೆಂಪು ಬಣ್ಣದ ಲಿಪಿಗಳು, ಮೇಲೆ ಕಪ್ಪು ಅಕ್ಷರ, ಹಿಂಬದಿ ಖಾಲಿ. ಬೊಂಬಾಯಿಯ ಇಂಗ್ಲಿಷ್ ಹೆಸರಿನಲ್ಲಿ ಮೊದಲ ಮೂರು ಅಕ್ಷರ ಮಾತ್ರ ನಮ್ಮ ಪಾಲಿಗೆ. ಬೆಳಕಿಗೆ ಹಿಡಿದರೆ ವಾಟರ್‌ಮಾರ್ಕಿನ ಅರ್ಧ ಗೆರೆಗಳು. ಸಹಿ ಇದ್ದ ಅರ್ಧ ಬೊಂಬಾಯಿಯಲ್ಲೇ ಉಳಿದಿತ್ತು.

ಇಲ್ಲಿಂದ ನನ್ನ ಹುಚ್ಚು ಶುರು. ಆದರೆ ನಿಜ ಹೇಳಬೇಕೆಂದರೆ ಇದು ಎರಡನೇ ಸಲದ ಹುಚ್ಚು. ಮೊದಲ ಸಲ ಪಿಯುಸಿಯಲ್ಲಿದ್ದಾಗ ಬಂದದ್ದು ಶುದ್ಧ ದುರಾಸೆಯ ಹುಚ್ಚು. ಟ್ರ್ಯಾಕ್ಟರ್ ಚಿತ್ರವಿರುವ ಐದು ರೂಪಾಯಿ ನೋಟಿಗೆ ಮೂರು ಲಕ್ಷ ಕೊಡುತ್ತೇವೆ ಎಂಬ ಜಾಹೀರಾತು ಮೊಬೈಲಿನಲ್ಲಿ ಬಂದಿತ್ತು. ನನ್ನ ಹತ್ತಿರ ಅಂಥ ನೋಟು ಎರಡಿದ್ದವು. ಆರು ಲಕ್ಷ! ನೋಂದಣಿ ಶುಲ್ಕ ಎಂದು 1,150 ರೂಪಾಯಿ ಕಳಿಸಿದೆ. ರಿಸರ್ವ್ ಬ್ಯಾಂಕಿನ ಮುದ್ರೆ ಇದ್ದ ಪತ್ರ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಆಮೇಲೆ ತೆರಿಗೆ ಎಂದು ಇನ್ನೂ ನಾಲ್ಕು ಸಾವಿರ ಕೇಳಿದರು. ಆ ನಾಲ್ಕು ಸಾವಿರ ನನ್ನ ಹತ್ತಿರ ಇರಲಿಲ್ಲ, ಅದೊಂದೇ ನನ್ನನ್ನು ಉಳಿಸಿದ್ದು. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ತನ್ನ ಹೆಸರಿನಲ್ಲಿ ಶುಲ್ಕ ವಸೂಲಿ ಮಾಡಲು ಹೇಳಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿತ್ತು. ಓದಿದ್ದು ಆಮೇಲೆ. ಕೆಲಸ ಹುಡುಕುವ ನಮ್ಮ ವಯಸ್ಸಿನವರಿಗೆ 'ನೋಂದಣಿ ಶುಲ್ಕ' ಎಂಬ ಪದ ಬೇರೆ ಬೇರೆ ವೇಷದಲ್ಲಿ ಎದುರಾಗುತ್ತಲೇ ಇರುತ್ತದೆ. ಹಳೇ ನೋಟಿನ ವೇಷವನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ಟ್ರ್ಯಾಕ್ಟರ್ ನೋಟು ಸಂಗ್ರಹಕಾರರಿಗೆ ಸಾಮಾನ್ಯ ನೋಟು, ಅಷ್ಟೆ.

ಎರಡನೇ ಸಲ ನಿಧಾನಕ್ಕೆ ಶುರು ಮಾಡಿದೆ. ತಿಂಗಳಿಗೆ ಇನ್ನೂರೈವತ್ತು ರೂಪಾಯಿ ಬಜೆಟ್, ಅದಕ್ಕಿಂತ ಒಂದು ಪೈಸೆ ಹೆಚ್ಚಿಲ್ಲ. ನನ್ನ ಮೊದಲ ಖರೀದಿ ಆರನೇ ಜಾರ್ಜ್ ಚಿತ್ರದ ಒಂದು ರೂಪಾಯಿ ನೋಟು, 1940ರದ್ದು. ಒಂದು ರೂಪಾಯಿಯ ನೋಟು ನಮ್ಮಲ್ಲಿ ಮೊದಲು ಬಂದದ್ದು 1917ರಲ್ಲಿ, ಮಹಾಯುದ್ಧದಿಂದ ನಾಣ್ಯಕ್ಕೆ ಬೆಳ್ಳಿ ಸಾಲದೆ. ಅದರ ಜೊತೆಜೊತೆಗೇ ಎರಡು ರೂಪಾಯಿ ಎಂಟಾಣೆಯ ವಿಚಿತ್ರ ನೋಟೊಂದು ಬಂದಿತ್ತು. ಎರಡೂವರೆಯ ನೋಟು ಇಟ್ಟುಕೊಂಡು ಅಂಗಡಿಯವ ಚಿಲ್ಲರೆ ಹೇಗೆ ಲೆಕ್ಕ ಹಾಕುತ್ತಿದ್ದನೋ! 1940ರಲ್ಲಿ ಮತ್ತೆ ಯುದ್ಧ, ಮತ್ತೆ ಒಂದು ರೂಪಾಯಿ ನೋಟು. ಎರಡು ಯುದ್ಧಗಳೂ ನಮ್ಮ ಜೇಬಿನಲ್ಲಿ ಗುರುತು ಬಿಟ್ಟಿವೆ. ಈಗ ನೋಟುಗಳಲ್ಲಿ ನೋಡುವ ಭದ್ರತಾ ದಾರ ನಮ್ಮಲ್ಲಿ ಮೊದಲು ಬಂದದ್ದೂ ಎರಡನೇ ಮಹಾಯುದ್ಧದ ಹೊತ್ತಿನಲ್ಲೇ. ಜಪಾನಿನವರು ಹತ್ತು ರೂಪಾಯಿಯನ್ನು ಅಷ್ಟು ಚೆನ್ನಾಗಿ ನಕಲು ಮಾಡಿದ್ದರು. ಅದಕ್ಕಾಗಿ ವಾಟರ್‌ಮಾರ್ಕಿನಲ್ಲಿ ಪಕ್ಕಕ್ಕೆ ಮುಖ ಮಾಡಿದ್ದ ರಾಜ ನೇರ ತಿರುಗಿದ, ಕಾಗದದೊಳಗೆ ದಾರ ಬಂತು. ಫ್ರಾಂಕ್ಲಿನ್‌ನ ಎಲೆಗೂ ಈ ದಾರಕ್ಕೂ ಕೆಲಸ ಒಂದೇ.

ಸಂಗ್ರಹಕ್ಕೆ ದೊಡ್ಡ ದುಡ್ಡು ಬೇಕು ಎಂದುಕೊಂಡವರಿಗೆ ಒಂದು ಗುಟ್ಟು: ಸಹಿ ಹಿಂಬಾಲಿಸಿ. ರಿಸರ್ವ್ ಬ್ಯಾಂಕಿನ ಮೊದಲ ನೋಟು 1938ರ ಐದು ರೂಪಾಯಿಯದ್ದು, ಅದರಿಂದ ಈಚೆಗೆ ನೋಟುಗಳ ಮೇಲೆ ಗವರ್ನರರ ಸಹಿ ಉಂಟು. 1949ರಿಂದ 1957ರವರೆಗೆ ಗವರ್ನರ್ ಆಗಿದ್ದವರು ನಮ್ಮ ಮಂಗಳೂರು ಕಡೆಯ ಬೆನಗಲ್ ರಾಮ ರಾವ್, ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಅವರ ತಮ್ಮ. ಅಷ್ಟು ದೀರ್ಘ ಕಾಲ ಆ ಕುರ್ಚಿಯಲ್ಲಿ ಕೂತವರು ಬೇರೊಬ್ಬರಿಲ್ಲ. ಒಂದು ರೂಪಾಯಿ ನೋಟಿನ ಕಥೆ ಇನ್ನೂ ಮಜಾ. ಅದನ್ನು ಹೊರಡಿಸುವುದು ರಿಸರ್ವ್ ಬ್ಯಾಂಕ್ ಅಲ್ಲ, ಭಾರತ ಸರಕಾರ. ಹಾಗಾಗಿ ಸಹಿ ಹಣಕಾಸು ಕಾರ್ಯದರ್ಶಿಯದ್ದು. ಮನಮೋಹನ್ ಸಿಂಗ್ ಕಾರ್ಯದರ್ಶಿಯಾಗಿದ್ದಾಗ ಒಂದು ರೂಪಾಯಿಯ ಮೇಲೂ, ಮುಂದೆ ಗವರ್ನರ್ ಆದಾಗ ಉಳಿದ ನೋಟುಗಳ ಮೇಲೂ ಸಹಿ ಹಾಕಿದ್ದಾರೆ. ಅವೆರಡನ್ನೂ ಪಕ್ಕ ಪಕ್ಕ ಇಟ್ಟುಕೊಳ್ಳಲು ನನಗೆ ಖರ್ಚಾದದ್ದು ಎರಡು ಮಸಾಲೆ ದೋಸೆಯ ದುಡ್ಡು.

ಕನ್ನಡ ಹಿಂಬಾಲಿಸುವುದೂ ಒಂದು ದಾರಿ. ಈಗಿನ ನೋಟಿನ ಹಿಂಬದಿಯ ಭಾಷಾ ಪಟ್ಟಿಯಲ್ಲಿ ಮೇಲಿನಿಂದ ನಾಲ್ಕನೆಯದು ಕನ್ನಡ. ನಿಜಾಮರ ಹೈದರಾಬಾದ್ ಸಂಸ್ಥಾನದ ನೋಟಿನ ಮೇಲೂ ಕನ್ನಡ ಇತ್ತು, ಏಕೆಂದರೆ ಕಲಬುರಗಿ, ರಾಯಚೂರು, ಬೀದರ್ ಅಲ್ಲೇ ಇದ್ದವು. ನನ್ನ ಪಟ್ಟಿಯಲ್ಲಿ ಅದಕ್ಕೆ ಜಾಗ ಬಿಟ್ಟಿದ್ದೇನೆ, ಕೆಲಸ ಸಿಕ್ಕಿದ ಮೇಲೆ.

ಕಾನೂನಿನ ಒಂದು ಮಾತು. 2016ರಲ್ಲಿ ರದ್ದಾದ ಐನೂರು, ಸಾವಿರದ ನೋಟುಗಳನ್ನು ನೆನಪಿಗೆಂದು ಇಟ್ಟುಕೊಂಡವರು ಹಲವರಿದ್ದಾರೆ. 2017ರ ಕಾಯಿದೆಯ ಪ್ರಕಾರ ಒಬ್ಬರು ಒಟ್ಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ, ಸಂಶೋಧನೆ, ನಾಣ್ಯಶಾಸ್ತ್ರದ ಉದ್ದೇಶವಿದ್ದರೆ ಇಪ್ಪತ್ತೈದರವರೆಗೆ. ನಮ್ಮ ಅಜ್ಜಿಯ ಅಕ್ಕಿ ಡಬ್ಬಿಯಲ್ಲಿ 2018ರಲ್ಲಿ ಐನೂರರ ಎರಡು ನೋಟು ಸಿಕ್ಕಿದ್ದವು. ಬದಲಾಯಿಸುವ ಅವಧಿ ಮುಗಿದಿತ್ತು. ಆಗ ಬೈದುಕೊಂಡಿದ್ದರು, ಈಗ ಅವು ನನ್ನ ಆಲ್ಬಮ್ಮಿನಲ್ಲಿವೆ.

ಹಾಗೂ ನಮ್ಮ ಊರಿನ ದೊಡ್ಡ ಶತ್ರು ಕಳ್ಳನಲ್ಲ, ಮಳೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಸುರಿಯುವ ಕಡೆ ಕಾಗದ ಇಟ್ಟುಕೊಳ್ಳುವುದೆಂದರೆ ಆಟಿ ತಿಂಗಳಿನಲ್ಲಿ ಹಪ್ಪಳ ಒಣಗಿಸಿದ ಹಾಗೆ. ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುವ ಹಾಸ್ಟೆಲಿನಲ್ಲಿ ನೂರು ವರ್ಷದ ಕಾಗದ ಉಳಿಯುತ್ತದೆಯೇ? ಲ್ಯಾಮಿನೇಷನ್ ಮಾಡಿಸಿದರೆ ನೋಟು ಸತ್ತ ಹಾಗೆಯೇ, ಮತ್ತೆ ಬಿಡಿಸಲಾಗುವುದಿಲ್ಲ. ಸೆಲ್ಲೋಟೇಪ್‌ನ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಅಗ್ಗದ ಪಿವಿಸಿ ಕವರು ಕಾಲ ಕಳೆದಂತೆ ಅಂಟಂಟಾಗುತ್ತದೆ. ಪಾಲಿಯೆಸ್ಟರ್‌ನ ಪಾರದರ್ಶಕ ಕವರು, ಸ್ಟೀಲ್ ಡಬ್ಬಿ, ಶೂ ಬಾಕ್ಸಿನಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ. ನನ್ನ ವಿಂಗ್‌ನಲ್ಲಿ ಯಾರು ಹೊಸ ಶೂ ಕೊಂಡರೂ ಪೊಟ್ಟಣ ನನಗೆ.

ಮಂಗಳೂರಿನಲ್ಲಿ ಹಳೇ ನೋಟು ಮಾರುವ ಒಬ್ಬರ ಪರಿಚಯವಾದದ್ದು ಹೀಗೇ. ಫೋಟೊ ತೋರಿಸಿದೆ. ಅರ್ಧ ನೋಟಿಗೂ ಗಿರಾಕಿಗಳಿದ್ದಾರೆ, ನಾಲ್ಕು ಸಾವಿರ ಕೊಡುತ್ತೇನೆ ಎಂದರು. ಮನೆಗೆ ಬಂದು ಹೇಳಿದೆ. ಆಗ ಐದನೇ ಸೆಮಿಸ್ಟರಿನ ಪರೀಕ್ಷಾ ಶುಲ್ಕ ಕಟ್ಟುವ ದಿನ ಹತ್ತಿರ ಬಂದಿತ್ತು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, 'ಟ್ರಂಕಿನಲ್ಲಿ ಇದ್ದರೆ ಗೆದ್ದಲಿಗೆ. ಯಾರಾದರೂ ಜೋಪಾನವಾಗಿ ಇಟ್ಟುಕೊಳ್ಳುವವರಿಗೆ ಹೋದರೆ ತಪ್ಪೇನು?' ಎಂದರು. ಅಪ್ಪನ ಮಾತಿನಲ್ಲಿ ತಪ್ಪು ಇರಲಿಲ್ಲ. ಅಜ್ಜಿ ಅದಕ್ಕಿಂತ ಮುಂದೆ ಹೋದರು. 'ಕೊಟ್ಟುಬಿಡಿ. ಅದನ್ನು ನೋಡಿದಾಗೆಲ್ಲಾ ನನ್ನ ಅಜ್ಜಿ ಅಳುತ್ತಿದ್ದದ್ದೇ ನೆನಪು. ಆ ಕಣ್ಣೀರು ಈ ಮನೆಯಿಂದ ಹೋಗಲಿ.'

ಕೊಡುವುದೆಂದೇ ತೀರ್ಮಾನವಾಯಿತು. ಕೊಡುವ ಮೊದಲು ಎಲ್ಲವನ್ನೂ ಸರಿಯಾಗಿ ಫೋಟೊ ತೆಗೆದಿಡೋಣ ಎಂದು ಲಕೋಟೆಯನ್ನೂ ಹಾಸ್ಟೆಲಿಗೆ ತಂದೆ. ನೋಟಿನ ಗಲಾಟೆಯಲ್ಲಿ ಲಕೋಟೆಯನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಮುಂದೆ ವಿಳಾಸ, ಮೂಲೆಯಲ್ಲಿ ಚೀಟಿ ಕಿತ್ತುಹೋದ ಗುರುತು. ಹಿಂಬದಿಯಲ್ಲಿ ಕಂದು ಕಲೆಗಳ ನಡುವೆ ದುಂಡಗಿನ ಒಂದು ಮಸುಕು. ಅಂಚೆ ಮುದ್ರೆ. ಆಗಿನ ಕಾಲದಲ್ಲಿ ಕಾಗದ ತಲುಪಿದ ಊರಿನ ಅಂಚೆ ಕಚೇರಿಯವರೂ ದಿನಾಂಕದ ಮುದ್ರೆ ಒತ್ತುತ್ತಿದ್ದರು.

ಬರಿಗಣ್ಣಿಗೆ ಏನೂ ಕಾಣಲಿಲ್ಲ. ಮೊಬೈಲ್ ಟಾರ್ಚನ್ನು ಮಗ್ಗುಲಿನಿಂದ, ಕಾಗದಕ್ಕೆ ಸಮವಾಗಿ ಹಿಡಿದು ಹತ್ತಾರು ಫೋಟೊ ತೆಗೆದೆ. ಇಮೇಜ್ ಪ್ರೊಸೆಸಿಂಗ್ ವಿಷಯದಲ್ಲಿ ನನಗೆ ಬಂದ ಗ್ರೇಡು ಹೇಳಿಕೊಳ್ಳುವಂಥದ್ದಲ್ಲ. ಆದರೂ ಕಲಿತ ಎರಡು ಸಾಲು ಪೈಥಾನ್ ಉಪಯೋಗಕ್ಕೆ ಬಂತು. ಬಣ್ಣದ ಫೋಟೊವನ್ನು ಕೆಂಪು, ಹಸಿರು, ನೀಲಿ ಎಂದು ಮೂರು ಪದರವಾಗಿ ಬೇರೆ ಮಾಡಿದರೆ, ಕಂದು ಕಲೆ ಕೆಂಪಿನ ಪದರದಲ್ಲಿ ಹೆಚ್ಚುಕಡಿಮೆ ಮಾಯವಾ��ುತ್ತದೆ, ಕಪ್ಪು ಶಾಯಿ ಉಳಿಯುತ್ತದೆ. ಉಳಿದದ್ದರ ಕಾಂಟ್ರಾಸ್ಟ್ ಏರಿಸಿದೆ. ರಾತ್ರಿ ಒಂದೂವರೆಗೆ ಊರಿನ ಹೆಸರು ಮೂಡಿತು: ಉಡಿಪಿ. ಆಗಿನ ಇಂಗ್ಲಿಷ್ ಬರವಣಿಗೆ ಹಾಗೆಯೇ. ಅದರ ಕೆಳಗೆ 9, ಅಕ್ಟೋಬರಿನ ಮೂರು ಅಕ್ಷರ, 18.

1918ರ ಅಕ್ಟೋಬರ್ 9. ನನಗೆ ಮೊದಲು ಹೊಳೆದದ್ದು ಆ ಜ್ವರ. ಬೊಂಬಾಯಿಯಲ್ಲಿ ಆ ವರ್ಷ ಜೂನ್‌ನಲ್ಲಿ ಬಂದ ಇನ್‌ಫ್ಲುಯೆಂಜಾ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಎರಡನೇ ಸಲ ಎದ್ದು ಬಂದಿತ್ತು. ಎರಡನೆಯದೇ ಭೀಕರ. ಹರೆಯದವರೇ ಹೆಚ್ಚು ಸತ್ತರು, ಮೂರು ನಾಲ್ಕು ದಿನದಲ್ಲಿ. ನಾವು ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿನಲ್ಲಿ ಕೂತು ಓದಿದ 'ಸ್ಪ್ಯಾನಿಷ್ ಫ್ಲೂ' ಅದು. ಆಮೇಲೆ ಹೊಳೆದದ್ದು ಅಮಾವಾಸ್ಯೆ. ಆ ವರ್ಷದ ಪಂಚಾಂಗ ಲೆಕ್ಕ ಹಾಕಿ ನೋಡಿದೆ. ಅಧಿಕ ಮಾಸ ಏನಾದರೂ ಅಡ್ಡ ಬರುತ್ತದೆಯೇ ಎಂದು ಇನ್ನೊಮ್ಮೆ ನೋಡಿದೆ. 1918ರ ಮಹಾಲಯ ಅಮಾವಾಸ್ಯೆ ಬಿದ್ದದ್ದು ಅಕ್ಟೋಬರ್ ಮೊದಲ ವಾರದಲ್ಲಿ.

ಲಕೋಟೆ ಉಡುಪಿಗೆ ತಲುಪುವ ಮೊದಲೇ ಅವರು ತೀರಿಹೋಗಿದ್ದರು. ಮಾಸ್ತರರು ಊರಿನಲ್ಲೇ ಇದ್ದಿದ್ದರೂ, ಅದೇ ಗಳಿಗೆಯಲ್ಲಿ ಉತ್ತರ ಬರೆದಿದ್ದರೂ, ಓದುವವರು ಆ ಕಡೆಯಲ್ಲಿ ಇರಲಿಲ್ಲ.

ಬೆಳಗಾಗುವುದನ್ನು ಕಾದು ಮೊದಲ ಬಸ್ಸಿಗೆ ಕಾಪುವಿಗೆ ಹೋದೆ. ಅಜ್ಜಿ ತುಳಸಿಕಟ್ಟೆಯ ಹತ್ತಿರ ಕೂತಿದ್ದರು. ಲ್ಯಾಪ್‌ಟಾಪ್ ತೆರೆದು ಮುದ್ರೆ ತೋರಿಸಿದೆ. ಮೊದಲಿಗೆ ಅರ್ಥವಾಗಲಿಲ್ಲ. ಬೆರಳಲ್ಲಿ ಎಣಿಸಿ ಹೇಳಿದೆ: ಅಮಾವಾಸ್ಯೆ ಇದು, ಕಾಗದ ಬಂದದ್ದು ಇದು. ಅಜ್ಜಿ ತಾವೂ ಒಮ್ಮೆ ಬೆರಳಲ್ಲಿ ಎಣಿಸಿದರು. 'ಹಾಗಾದರೆ ತಡ ಮಾಡಿದ್ದರಿಂದ ಅಲ್ಲ' ಎಂದರು. ಅಲ್ಲ ಎಂದೆ. 'ಐವತ್ತನಾಲ್ಕು ವರ್ಷ ಅಳುತ್ತಿದ್ದರಲ್ಲ ಮಾರಾಯ' ಎಂದರು. ಸ್ವಲ್ಪ ಹೊತ್ತಿನ ಮೇಲೆ, 'ನೀನು ಆಗ ಹುಟ್ಟಿರಬೇಕಿತ್ತು' ಎಂದರು. ಆ ಮಾತಿಗೆ ಏನು ಹೇಳುವುದೆಂದು ನನಗೆ ಈಗಲೂ ಗೊತ್ತಿಲ್ಲ.

ಪರೀಕ್ಷಾ ಶುಲ್ಕವನ್ನು ಅಪ್ಪ ಸೊಸೈಟಿಯಿಂದ ಸಾಲ ತೆಗೆದು ಕಟ್ಟಿದರು. ನಾನು ಸಂಜೆ ಇಬ್ಬರು ಹೈಸ್ಕೂಲ್ ಹುಡುಗರಿಗೆ ಗಣಿತ ಹೇಳಿಕೊಟ್ಟು ಅದನ್ನು ತೀರಿಸುತ್ತಿದ್ದೇನೆ, ಇನ್ನೂ ಎರಡು ಕಂತು ಉಂಟು. ಅಣಕು ಸಂದರ್ಶನದಲ್ಲಿ ಒಬ್ಬರು ನನ್ನ ರೆಸ್ಯೂಮ್ ನೋಡಿ, 'ಹಳೇ ನೋಟು ಸಂಗ್ರಹಿಸುವುದರಿಂದ ಕಂಪನಿಗೆ ಏನು ಲಾಭ?' ಎಂದು ಕೇಳಿದರು. ಇಮೇಜ್ ಪ್ರೊಸೆಸಿಂಗ್ ಕಲಿತೆ ಎಂದೆ. ಗ್ರೇಡ್ ಶೀಟ್ ಅವರ ಎದುರಿಗೇ ಇತ್ತು. ನಕ್ಕರು.

ಅರ್ಧ ನೋಟು ಈಗ ಪಾಲಿಯೆಸ್ಟರ್ ಕವರಿನಲ್ಲಿ, ಲಕೋಟೆಯ ಜೊತೆ, ಅಜ್ಜಿಯ ಟ್ರಂಕಿನಲ್ಲೇ ಇದೆ. ನುಸಿಗುಳಿಗೆ ತೆಗೆದು ಸಿಲಿಕಾ ಜೆಲ್ ಇಟ್ಟಿದ್ದೇನೆ. ಅಜ್ಜಿಗೆ ಅದರ ಮೇಲೆ ನಂಬಿಕೆ ಇಲ್ಲ, ನಾನು ಹೊರಟ ಮೇಲೆ ನುಸಿಗುಳಿಗೆಯನ್ನೂ ಹಾಕುತ್ತಾರೆ. ಮಂಗಳೂರಿನವರಿಗೆ ಫೋನ್ ಮಾಡಿ ಮಾರುವುದಿಲ್ಲ ಎಂದೆ. ಬೇಸರ ಮಾಡಿಕೊಳ್ಳಲಿಲ್ಲ. ಎಲ್ಲಾದರೂ ಬಲ ಅರ್ಧ ಕಣ್ಣಿಗೆ ಬಿದ್ದರೆ ಹೇಳಿ ಎಂದು ನಂಬರು ಕೊಟ್ಟಿದ್ದೇನೆ, ಬರೆದುಕೊಂಡಿದ್ದಾರೆ. ಆ ನಂಬರನ್ನು ಇಲ್ಲಿಯೂ ಬರೆಯಬಹುದಿತ್ತು. ಆದರೆ ಬರೆದರೆ ನಾಳೆ ಬೆಳಗ್ಗೆಯೇ ಅದೇ ನಂಬರಿನ ಹತ್ತು ಬಲ ಅರ್ಧಗಳು ಮಾರಾಟಕ್ಕೆ ಬರುತ್ತವೆ, ಒಂದೇ ಥರದ ಸುಕ್ಕಿನ ಜೊತೆ.